ಹಳೆಯ ಜರ್ಮನ್ ಯುದ್ಧಪತ್ರಗಳ ಶೀಘ್ರಲಿಪಿ: ಬಿಡಿಸಿ ಓದುವ ಬಗೆ

ಕಾಗದದ ಬಲ ಮೇಲ್ತುದಿಯಲ್ಲಿ ತಾರೀಖು ಕಾಣುತ್ತದೆ. 'ಮೈನೆ ಲೀಬೆ ಅನ್ನಾ', ಅಂದರೆ 'ನನ್ನ ಪ್ರೀತಿಯ ಅನ್ನಾ' ಎಂದು ಕರೆದಿರುವುದೂ ಹೇಗೋ ತಿಳಿಯುತ್ತದೆ. ಅಲ್ಲಿಂದ ಕೆಳಗೆ ಇಡೀ ಪುಟ ಕೊಕ್ಕೆ, ಕುಣಿಕೆ, ಓರೆಗೆರೆ, ಇರುವೆ ಸಾಲು ಹರಿದ ಹಾಗೆ. ಅಂಚೆಚೀಟಿಗೆಂದು ಲಾಟಿನಲ್ಲಿ ಕೊಂಡ ಲಕೋಟೆಯೊಳಗೆ ಇಂಥದ್ದು ಸಿಗುತ್ತದೆ. ಜರ್ಮನಿಯಲ್ಲಿ ಸಂಬಂಧ ಬೆಳೆಸಿದವರ ಮನೆಯ ಅಟ್ಟದ ಪೆಟ್ಟಿಗೆಯಲ್ಲೂ ಸಿಗುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನಾ ಅಂಚೆ ಸಾಗಿಸಿದ್ದು ಸುಮಾರು 2,870 ಕೋಟಿ ಕಾಗದ, ಕಾರ್ಡು, ಪೊಟ್ಟಣಗಳನ್ನು. ಎರಡನೆಯದರಲ್ಲಿ 3,000ದಿಂದ 4,000 ಕೋಟಿ ಎಂಬ ಅಂದಾಜಿದೆ. ಈ ಸೇನಾ ಅಂಚೆಗೆ ಜರ್ಮನ್ ಹೆಸರು ಫೆಲ್ಡ್‌ಪೋಸ್ಟ್. ಗುಮಾಸ್ತರು, ಶಿಕ್ಷಕರು, ಬ್ಯಾಂಕಿನವರು, ಟೈಪಿಸ್ಟ್ ಹುಡುಗಿಯರು ಬರೆದ ಕಾಗದಗಳಲ್ಲಿ ಶೀಘ್ರಲಿಪಿ, ಅಂದರೆ ಶಾರ್ಟ್‌ಹ್ಯಾಂಡ್, ಇಣುಕುವುದು ಸಹಜ. ಕಾರ್ಡಿನಲ್ಲಿ ಜಾಗ ಕಡಿಮೆ, ಬರೆಯಲು ಸಿಗುವ ಹೊತ್ತು ಕಡಿಮೆ, ಪಕ್ಕದಲ್ಲಿ ಕೂತವನಿಗೆ ಓದಲು ಬರಬಾರದೆಂಬ ಆಸೆ ಬೇರೆ.

ಇದು ಗುಪ್ತಲಿಪಿಯಲ್ಲ, ಶಾಲೆಯಲ್ಲಿ ಕಲಿಸುತ್ತಿದ್ದ ಬರವಣಿಗೆ. ಪಠ್ಯಪುಸ್ತಕ ಇದೆ, ನಿಯಮ ಇದೆ. ಜಾಣತನಕ್ಕಿಂತ ಕೆಲಸದ ಕ್ರಮ ಇಲ್ಲಿ ಹೆಚ್ಚು ಮುಖ್ಯ. ಯಾವ ಪದ್ಧತಿ ಎಂದು ಗೊತ್ತಾಗುವ ಮೊದಲೇ ಪದ ಊಹಿಸಲು ಹೊರಟರೆ ಒಂದು ವಾರ ಹಾಳು.

ಜರ್ಮನ್ ಅಕ್ಷರಗಳನ್ನು, ಸಂಕ್ಷೇಪಗಳನ್ನು ಹೇಳುವಾಗ ನಮಗೆ ರೂಢಿಯಾದ ಇಂಗ್ಲಿಷ್ ಅಕ್ಷರಗಳ ಹೆಸರನ್ನೇ ಇಲ್ಲಿ ಬಳಸಿದೆ.

ಹಂತ 1: ಮುಟ್ಟುವ ಮುಂಚೆ ಸ್ಕ್ಯಾನ್

ಕಾಗದದ ಎರಡೂ ಬದಿ, ಲಕೋಟೆಯ ಎರಡೂ ಬದಿ ಸ್ಕ್ಯಾನ್ ಮಾಡಿ. 600 ಡಿಪಿಐ, ಬಣ್ಣದಲ್ಲಿ, ಟಿಫ್ ಕಡತವಾಗಿ. ಕಪ್ಪು-ಬಿಳುಪು ಆಯ್ಕೆ ಬೇಡವೇ ಬೇಡ. ಅದು ತೆಳು ಗೆರೆಯನ್ನು ಅಳಿಸುತ್ತದೆ, ದಪ್ಪ ಗೆರೆಯನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಈ ಲಿಪಿಯಲ್ಲಿ ಗೆರೆಯ ದಪ್ಪವೇ ಒಂದು ಸ್ವರ, ಹಾಗಾಗಿ ಅಲ್ಲಿಗೆ ಅರ್ಧ ಓದು ಕಳೆದುಹೋಯಿತು. ಮೊಬೈಲಿನ 'ಡಾಕ್ಯುಮೆಂಟ್ ಮೋಡ್' ಕೂಡ ಇದೇ ತಪ್ಪು ಮಾಡುತ್ತದೆ.

ಪೆನ್ಸಿಲಿನಲ್ಲಿ ಬರೆದು ಮಾಸಿದ ಪುಟವಾದರೆ ಕೋಣೆ ಕತ್ತಲು ಮಾಡಿ, ಟೇಬಲ್ ಲ್ಯಾಂಪನ್ನು ಕಾಗದದ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬೆಳಕು ಬೀಳುವಂತೆ ಇನ್ನೊಂದು ಫೋಟೊ ತೆಗೆಯಿರಿ. ಸೀಸದ ಬಣ್ಣ ಹೋಗಿದ್ದರೂ ಒತ್ತಿದ ಗುರುತು ನೆರಳಾಗಿ ಕಾಣುತ್ತದೆ. ಒತ್ತಿ ಬರೆದದ್ದು ಎಲ್ಲಿ, ತೇಲಿಸಿ ಬರೆದದ್ದು ಎಲ್ಲಿ ಎಂಬುದಕ್ಕೆ ಈ ಫೋಟೊ ಸ್ಕ್ಯಾನಿಗಿಂತ ಒಳ್ಳೆಯ ಸಾಕ್ಷಿ.

ಸೈನಿಕರ ಕೈಯಲ್ಲಿ ಕಾಪಿಯಿಂಗ್ ಪೆನ್ಸಿಲ್ ಬಹಳ ಇತ್ತು. ಒಣಗಿದ್ದಾಗ ಬೂದುಬಣ್ಣ, ತೇವ ತಗುಲಿದರೆ ನೇರಳೆ. ಮಡಿಕೆ ಬಿಡಿಸಲೆಂದು ನೀರಿನ ಹಬೆ ಹಿಡಿದರೆ ಇಡೀ ಸಾಲು ಹರಡಿಕೊಳ್ಳುತ್ತದೆ. ಸೆಲ್ಲೋಟೇಪ್, ಲ್ಯಾಮಿನೇಷನ್ ಕೂಡ ಕೂಡದು. ಬೆವರಿನ ಕೈ ಆದರೆ ಹತ್ತಿಯ ಬಟ್ಟೆಯಲ್ಲಿ ಒರೆಸಿಕೊಂಡು ಮುಟ್ಟಿ.

ಸ್ಕ್ಯಾನ್ ಆದಮೇಲೆ ಪುಟವನ್ನು ಎರಡು-ಮೂರು ಪಟ್ಟು ಹಿಗ್ಗಿಸಿ ಪ್ರಿಂಟ್ ತೆಗೆಯಿರಿ, ಸಾಲುಗಳ ನಡುವೆ ನೀವು ಬರೆಯಲು ಜಾಗ ಇರುವಂತೆ. ಪ್ರತಿ ಸಾಲಿಗೂ ಸಂಖ್ಯೆ ಹಾಕಿ.

ಹಂತ 2: ಇದು ನಿಜಕ್ಕೂ ಶೀಘ್ರಲಿಪಿಯೇ?

'ಶಾರ್ಟ್‌ಹ್ಯಾಂಡ್ ಇದೆ, ಓದಿಕೊಡಿ' ಎಂದು ಜನ ತೋರಿಸುವ ಕಾಗದಗಳಲ್ಲಿ ಎಷ್ಟೋ ಶೀಘ್ರಲಿಪಿಯೇ ಅಲ್ಲ, ಹಳೆಯ ಜರ್ಮನ್ ಕೈಬರಹ. ಅದರ ಹೆಸರು ಕುರೆಂಟ್. ಅದರದೇ ಶಾಲಾ ರೂಪ ಸೂಟರ್ಲಿನ್: ಲುಡ್ವಿಗ್ ಸೂಟರ್ಲಿನ್ 1911ರಲ್ಲಿ ರೂಪಿಸಿದ್ದು, ಪ್ರಷ್ಯದ ಶಾಲೆಗಳಿಗೆ 1915ರಿಂದ ಬಂದದ್ದು. 1941ರಲ್ಲಿ ನಾಜಿ ಸರ್ಕಾರವೇ ಇವನ್ನು ಶಾಲೆಗಳಿಂದ ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಕೈ ಕುದುರಿದ್ದವರು ಸಾಯುವವರೆಗೂ ಹಾಗೆಯೇ ಬರೆದರು.

ಎರಡನ್ನೂ ಬೇರೆಮಾಡಲು ಸ್ಕೇಲ್ ಸಾಕು. ಎಂಟು ಅಕ್ಷರದ ಪದ ಕುರೆಂಟಿನಲ್ಲಿ ಎರಡು ಸೆಂಟಿಮೀಟರ್ ಆಚೀಚೆ ಹಿಡಿಯುತ್ತದೆ. ಶೀಘ್ರಲಿಪಿಯಲ್ಲಿ ಅದೇ ಪದ ಅರ್ಧ ಸೆಂಟಿಮೀಟರ್, ಕೆಲವೊಮ್ಮೆ ಬರೀ ಒಂದು ಗೀಟು. ಕುರೆಂಟಿನಲ್ಲಿ ಗರಗಸದ ಹಲ್ಲಿನಂತೆ ಮೇಲೆ-ಕೆಳಗೆ ಮೊನಚು ಗೆರೆಗಳು ಉದ್ದಕ್ಕೆ ಸಾಗುತ್ತವೆ, 'ಐ' ಮೇಲೆ ಚುಕ್ಕೆ, 'ಯು' ಮೇಲೆ ಬಿಲ್ಲಿನಂಥ ಗೆರೆ ಇರುತ್ತದೆ. 'ಇ' ಅಕ್ಷರ ನಮ್ಮ ಕಣ್ಣಿಗೆ 'ಎನ್' ಹಾಗೆ ಕಾಣುತ್ತದೆ, 'ಎಚ್' ಮೇಲೂ ಕೆಳಗೂ ಕುಣಿಕೆ ಬಿಟ್ಟಿರುತ್ತದೆ. 'ಎಂ' ಅಥವಾ 'ಎನ್' ಮೇಲೆ ಅಡ್ಡಗೆರೆ ಇದ್ದರೆ ಆ ಅಕ್ಷರ ಎರಡು ಸಲ. ಶೀಘ್ರಲಿಪಿಯಲ್ಲಿ ಈ ಗರಗಸ ಇಲ್ಲ. ಒಂದೊಂದು ಪದವೂ ಬಿಡಿ ಆಕೃತಿ. ಒಂದು ಗೆರೆಯ ಮೇಲೆ ಕೂತಿದೆ, ಇನ್ನೊಂದು ತೇಲಿದೆ, ಮತ್ತೊಂದು ಕೆಳಕ್ಕೆ ಜಾರಿದೆ.

ಮಂಗಳೂರಿನ ಬಾಸೆಲ್ ಮಿಷನ್ ಚರಿತ್ರೆ ಕೆದಕುವ ನಮ್ಮವರಿಗೂ ಈ ವ್ಯತ್ಯಾಸ ಬೇಕಾಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಜರ್ಮನರನ್ನು ಬ್ರಿಟಿಷರು ಅಹ್ಮದ್‌ನಗರದ ಶಿಬಿರದಲ್ಲಿಟ್ಟರು. ಮಿಷನ್ನಿನ ಹಳೆಯ ಕಾಗದಪತ್ರ ಈಗ ಬಾಸೆಲ್ ನಗರದಲ್ಲಿದೆ, ಅಲ್ಲಿ ಮೊದಲು ಎದುರಾಗುವುದು ಕುರೆಂಟ್.

ಮೂರನೆಯ ಸಾಧ್ಯತೆ, ಮಾಮೂಲಿ ಅಕ್ಷರದಲ್ಲೇ ಬರೆದ ಸಂಕ್ಷೇಪಗಳು. ಇವು ಚಿಕ್ಕವಾದರೂ ಎಡವಿ ಬೀಳಿಸುತ್ತವೆ. ಎರಡನೆಯ ಯುದ್ಧದ ಕಾಗದಗಳಲ್ಲಿ ಊರಿನ ಹೆಸರಿರಬೇಕಾದ ಕಡೆ 'ಓ.ಯು.' ಎಂದಿರುತ್ತದೆ. ಅದು ಊರಲ್ಲ, ಓರ್ಟ್ಸ್‌ಉಂಟರ್‌ಕುನ್ಫ್ಟ್, ಅಂದರೆ 'ತಂಗಿರುವ ಜಾಗ'. ಎಲ್ಲಿದ್ದೇನೆಂದು ಬರೆಯುವಂತಿರಲಿಲ್ಲ. 'ಯು.ಕೆ.' ಎಂದರೆ ಬ್ರಿಟನ್ ಅಲ್ಲ. ಕಾರ್ಖಾನೆಗೋ ಕಚೇರಿಗೋ ಅನಿವಾರ್ಯನಾದ್ದರಿಂದ ಸೇನೆಯಿಂದ ವಿನಾಯಿತಿ ಪಡೆದವನು. 'ಕೆ.ವಿ.' ಯುದ್ಧಕ್ಕೆ ಯೋಗ್ಯ, 'ಜಿ.ವಿ.' ಠಾಣ್ಯದ ಕೆಲಸಕ್ಕೆ ಮಾತ್ರ ಯೋಗ್ಯ. ಗಾಯಾಳು ಬರೆದ ಕಾಗದದಲ್ಲಿ ಈ ಎರಡಕ್ಷರದ ಮೇಲೆ ಇಡೀ ಸಂಸಾರದ ಭವಿಷ್ಯ ನಿಂತಿರುತ್ತದೆ. 'ಎಚ್.ಕೆ.ಎಲ್.' ಮುಂಚೂಣಿಯ ಮುಖ್ಯ ಕಾಳಗದ ರೇಖೆ, 'ಇ.ಕೆ.' ಕಬ್ಬಿಣದ ಶಿಲುಬೆ ಪದಕ. ತಾರೀಖಿನ ಮುಂದೆ 'ಡಿ.ಎಂ.' ಬಂದರೆ 'ಈ ತಿಂಗಳ' ಎಂದರ್ಥ, ಡಾಯ್ಚ್‌ಮಾರ್ಕ್ ಅಲ್ಲ. ಆ ನಾಣ್ಯ ಹುಟ್ಟಿದ್ದೇ 1948ರಲ್ಲಿ. 'ಪಿ.ಎಫ್.ಡಿ.' 500 ಗ್ರಾಂ ತೂಕ, 'ಪಿ.ಎಫ್.' ಕಾಸು. ವಯಸ್ಸಾದವರ ಕಾಗದದಲ್ಲಿ '8' ಅಂಕಿಯ ಪಕ್ಕ 'ಬರ್' ಎಂದಿದ್ದರೆ ಅದು ಆಗಸ್ಟ್ ಅಲ್ಲ, ಅಕ್ಟೋಬರ್. ಲ್ಯಾಟಿನ್ನಿನಲ್ಲಿ ಅಕ್ಟೋ ಎಂದರೆ ಎಂಟು. ಅದೇ ಲೆಕ್ಕದಲ್ಲಿ '7ಬರ್' ಸೆಪ್ಟೆಂಬರ್, '9ಬರ್' ನವೆಂಬರ್.

ಇಷ್ಟನ್ನೂ ಜರಡಿ ಹಿಡಿದ ಮೇಲೆ ಉಳಿದದ್ದು ಶೀಘ್ರಲಿಪಿ.

ಹಂತ 3: ಯಾರ ಕೈ, ಯಾವ ಕಾಲದ ಶಾಲೆ

ಮೊದಲ ಪ್ರಶ್ನೆ, ಈ ಗೆರೆ ಎಳೆದವರು ಯಾರು? ಕಾಗದ ಬರೆದವರೇ ಆಗಬೇಕೆಂದಿಲ್ಲ. ಕಾಗದ ಸೇರಿದವರು ಅದರ ಅಂಚಿನಲ್ಲೋ ಲಕೋಟೆಯ ಹಿಂದೆಯೋ 'ಇಂಥ ದಿನ ತಲುಪಿತು, ಇಂಥ ದಿನ ಉತ್ತರಿಸಿದೆ' ಎಂದು ಗುರುತು ಹಾಕಿಕೊಳ್ಳುತ್ತಿದ್ದರು, ಉತ್ತರದ ಕರಡನ್ನು ಖಾಲಿ ಜಾಗದಲ್ಲಿ ಗೀಚುತ್ತಿದ್ದರು. ಶಾಯಿಯ ಬಣ್ಣ, ಕೈಯ ಓರೆ, ಬರೆದ ದಿಕ್ಕು ಹೋಲಿಸಿ ನೋಡಿ.

ಎರಡನೆಯದು ಅವರು ಹುಟ್ಟಿದ ವರ್ಷ. ಕಾಗದದ ತಾರೀಖಿಗಿಂತ ಇದು ಮುಖ್ಯ, ಏಕೆಂದರೆ ಜನ ಬರೆಯುವುದು ಹದಿಹರೆಯದಲ್ಲಿ ಕಲಿತ ಪದ್ಧತಿಯನ್ನು. ಯುದ್ಧಪತ್ರಗಳಲ್ಲಿ ಮುಖ್ಯವಾಗಿ ಕಾಣುವವು ಮೂರು.

ಗಾಬೆಲ್ಸ್‌ಬೆರ್ಗರ್: ಮ್ಯೂನಿಕ್‌ನ ಫ್ರಾನ್ಸ್ ಕ್ಸಾವರ್ ಗಾಬೆಲ್ಸ್‌ಬೆರ್ಗರ್ 1834ರಲ್ಲಿ ಪ್ರಕಟಿಸಿದ್ದು. ಬವೇರಿಯಾ, ಸ್ಯಾಕ್ಸನಿ, ಆಸ್ಟ್ರಿಯಾ ಅದರ ಸೀಮೆ.

ಷ್ಟೋಲ್ಟ್ಸೆ-ಶ್ರೈ: ವಿಲ್‌ಹೆಲ್ಮ್ ಷ್ಟೋಲ್ಟ್ಸೆ ಮತ್ತು ಫೆರ್ಡಿನಾಂಡ್ ಶ್ರೈ ಅವರ ಪದ್ಧತಿಗಳು 1897ರಲ್ಲಿ ಒಂದಾದದ್ದು. ಪ್ರಷ್ಯ ಮತ್ತು ಉತ್ತರದ ಕಡೆ ಬಳಕೆ ಹೆಚ್ಚು. ಸ್ವಿಟ್ಜರ್ಲೆಂಡಿನಲ್ಲಿ ಆಮೇಲೂ ಇದೇ ಉಳಿಯಿತು.

ಡಾಯ್ಚ ಐನ್‌ಹೈಟ್ಸ್‌ಕುರ್ಟ್ಸ್‌ಶ್ರಿಫ್ಟ್, ಅಂದರೆ ಜರ್ಮನ್ ಏಕೀಕೃತ ಶೀಘ್ರಲಿಪಿ: ಮೊದಲೆರಡು ಪದ್ಧತಿಗಳ ನಡುವಿನ ಜಗಳ ಮುಗಿಸಲು 1924ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡ ರಾಜಿ ಪದ್ಧತಿ. 1936ರಲ್ಲಿ ಒಮ್ಮೆ ತಿದ್ದಿದರು, 1968ರಲ್ಲಿ ಮತ್ತೆ ಸರಳಗೊಳಿಸಿದರು.

ಹಾಗಾದರೆ ಮೊದಲ ಮಹಾಯುದ್ಧದ ಕಾಗದಕ್ಕೆ ಮೊದಲೆರಡನ್ನು ಹಿಡಿದು ನೋಡಬೇಕು. ಎರಡನೆಯ ಯುದ್ಧದ ಕಾಗದವಾದರೆ, 1912ರ ಆಚೆಗೆ ಹುಟ್ಟಿದವರ ಕೈಯಲ್ಲಿ ಏಕೀಕೃತ ಪದ್ಧತಿ ಇರುವುದೇ ಹೆಚ್ಚು. ಅದಕ್ಕಿಂತ ಹಿರಿಯರಾದರೆ 1943ರ ಕಾಗದವೂ ಗಾಬೆಲ್ಸ್‌ಬೆರ್ಗರ್ ಆಗಿರಬಹುದು. ಕಣ್ಣೆದುರಿನ ಉದಾಹರಣೆ ಲೇಖಕ ಎರಿಶ್ ಕೆಸ್ಟ್ನರ್. ಡ್ರೆಸ್ಡೆನ್‌ನಲ್ಲಿ 1899ರಲ್ಲಿ ಹುಟ್ಟಿದ ಅವರು ಎರಡನೆಯ ಯುದ್ಧದ ನಡುವೆ ಬರೆದ ದಿನಚರಿ ಗಾಬೆಲ್ಸ್‌ಬೆರ್ಗರ್‌ನಲ್ಲಿದೆ, ಹೊಸ ಪದ್ಧತಿ ಬಂದು ಹದಿನೇಳು ವರ್ಷವಾದ ಮೇಲೂ.

ಪದ್ಧತಿ ಅಂದಾಜಾದ ಕೂಡಲೇ ಆ ಕಾಲದಲ್ಲೇ ಮುದ್ರಣವಾದ ಪಠ್ಯಪುಸ್ತಕ ಹುಡುಕಿ. ಈಗ ಸುಲಭಕ್ಕೆ ಸಿಗುವುದು 1968ರ ನಂತರದ ಪುಸ್ತಕ, ಹೆಚ್ಚಿನವರು ಮುಗ್ಗರಿಸುವುದೂ ಅಲ್ಲೇ. ಹಳೆಯ ಸಂಕ್ಷಿಪ್ತ ಚಿಹ್ನೆಗಳನ್ನು ಆಗ ಕಡಿಮೆ ಮಾಡಿದ್ದರಿಂದ 1940ರ ಕಾಗದದ ಎಷ್ಟೋ ಗುರುತು ಅದರಲ್ಲಿ ಇರುವುದೇ ಇಲ್ಲ. ಡ್ರೆಸ್ಡೆನ್‌ನಲ್ಲಿ 1839ರಲ್ಲಿ ಶುರುವಾದ ಶೀಘ್ರಲಿಪಿ ಸಂಸ್ಥೆಯ ಪುಸ್ತಕ ಭಂಡಾರ ಈಗ ಅದೇ ಊರಿನ ಎಸ್.ಎಲ್.ಯು.ಬಿ. ಗ್ರಂಥಾಲಯದಲ್ಲಿ ಪ್ರತ್ಯೇಕ ಸಂಗ್ರಹವಾಗಿದೆ. ಹಳೆಯ ಪಠ್ಯಪುಸ್ತಕ ಕೇಳಲು ಅದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಹಂತ 4: ಪಿಟ್‌ಮನ್ ಮರೆತು ನೋಡಿ

ನಮ್ಮ ಕಡೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಿಟ್‌ಮನ್ ಎಂಬ ಇಂಗ್ಲಿಷ್ ಶೀಘ್ರಲಿಪಿ ಕಲಿತವರಿಗೆ ಒಂದು ಅನುಕೂಲ, ಒಂದು ಅನಾನುಕೂಲ. ಅನುಕೂಲ ಏನೆಂದರೆ ದಪ್ಪ-ತೆಳು ನೋಡುವ ಕಣ್ಣು ಆಗಲೇ ಇದೆ, ಗ್ರಾಮಲಾಗ್ (ಪದೇ ಪದೇ ಬರುವ ಪದಕ್ಕೆ ಗೊತ್ತುಮಾಡಿದ ಕಿರುಚಿಹ್ನೆ) ಎಂದರೇನು ಗೊತ್ತಿದೆ. ಅನಾನುಕೂಲ ಏನೆಂದರೆ ಆ ದಪ್ಪದ ಅರ್ಥವೇ ಬೇರೆ. ಪಿಟ್‌ಮನ್‌ನಲ್ಲಿ ತೆಳು ಗೆರೆ 'ಪ', ದಪ್ಪ ಮಾಡಿದರೆ 'ಬ', ಬದಲಾಗುವುದು ವ್ಯಂಜನ. ಸ್ವರವನ್ನು ಚುಕ್ಕೆ, ಕಿರುಗೆರೆಯಾಗಿ ಪಕ್ಕದಲ್ಲಿಡುತ್ತಾರೆ. ಜರ್ಮನ್ ಪದ್ಧತಿಗಳಲ್ಲಿ ಹೆಚ್ಚಿನ ಸ್ವರಕ್ಕೆ ಪ್ರತ್ಯೇಕ ಗುರುತೇ ಇಲ್ಲ. ಎರಡು ವ್ಯಂಜನಗಳ ನಡುವಿನ ಸಂಬಂಧವೇ ಸ್ವರ: ಎಷ್ಟು ದೂರ, ಎಷ್ಟು ಎತ್ತರ, ಎಷ್ಟು ದಪ್ಪ.

ಏಕೀಕೃತ ಪದ್ಧತಿಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಬರುವ 'ಎ', 'ಅ', 'ಇ' ಇಂಗ್ಲಿಷ್ ಅಕ್ಷರದ ಹೆಸರಲ್ಲ, ಕನ್ನಡದ ಸ್ವರಗಳು. ವ್ಯಂಜನಗಳು ಕೆಳಮುಖ ಗೆರೆಗಳು, ಮೂರು ಅಳತೆಯವು: ಅರ್ಧ ಮೆಟ್ಟಿಲು, ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಒಂದರಿಂದ ಇನ್ನೊಂದಕ್ಕೆ ತೆಳುವಾದ ಮೇಲ್ಮುಖ ಗೆರೆಯಲ್ಲಿ ದಾಟುತ್ತಾರೆ. ದಾಟು ಗಿಡ್ಡವಾಗಿದ್ದು ಮುಂದಿನ ವ್ಯಂಜನ ಅದೇ ಮಟ್ಟದಲ್ಲಿ, ತೆಳುವಾಗಿದ್ದರೆ ನಡುವಿನ ಸ್ವರ 'ಎ'. ಅದೇ ವ್ಯಂಜನವನ್ನು ಒತ್ತಿ ದಪ್ಪ ಮಾಡಿದರೆ 'ಅ'. ದಪ್ಪ ಮಾಡದೆ ಅರ್ಧ ಮೆಟ್ಟಿಲು ಮೇಲಕ್ಕೇರಿಸಿದರೆ 'ಇ'. ದಾಟನ್ನು ಉದ್ದ ಮಾಡಿ, ಕೆಳಕ್ಕಿಳಿಸಿ ಉಳಿದ ಸ್ವರಗಳನ್ನು ಹೊಂದಿಸಿದ್ದಾರೆ.

ಇದರ ಪರಿಣಾಮವನ್ನು ಒಂದೇ ಪದದಲ್ಲಿ ನೋಡಿ. 'ಲ', 'ಗ', ಕೊನೆಗೆ 'ಎನ್' ಪ್ರತ್ಯಯ. ತೆಳುವಾಗಿ ಅದೇ ಮಟ್ಟದಲ್ಲಿದ್ದರೆ 'ಲೇಗೆನ್', ಇಡುವುದು. 'ಗ' ದಪ್ಪವಾದರೆ 'ಲಾಗೆನ್', ಮಲಗಿದ್ದೆವು, ಬೀಡುಬಿಟ್ಟಿದ್ದೆವು. 'ಗ' ಅರ್ಧ ಮೆಟ್ಟಿಲು ಏರಿದರೆ 'ಲೀಗೆನ್', ಬೀಡುಬಿಟ್ಟಿದ್ದೇವೆ. ಮುಂಚೂಣಿಯ ಕಾಗದದಲ್ಲಿ ಈ ಕ್ರಿಯಾಪದ ಹೆಜ್ಜೆಹೆಜ್ಜೆಗೂ ಬರುತ್ತದೆ. ಆ ಊರಿನಲ್ಲಿ ಅವನು ಈಗ ಇದ್ದಾನೋ, ಆಗಲೇ ಬಿಟ್ಟು ಹೋಗಿದ್ದಾನೋ ಎಂಬುದು ಒಂದೂವರೆ ಮಿಲಿಮೀಟರಿನ ಮೇಲೆ, ಒಂದು ಒತ್ತಿನ ಮೇಲೆ ನಿಂತಿದೆ. ಮೊಂಡು ಪೆನ್ಸಿಲಿನಲ್ಲಿ, ಮೊಣಕಾಲ ಮೇಲಿಟ್ಟು ಬರೆದ ಕಾಗದದಲ್ಲಿ ಆ ಒತ್ತು ಕಾಣುವುದೇ ಇಲ್ಲ. ಆಗ ಉತ್ತರ ಕೊಡಬೇಕಾದ್ದು ವಾಕ್ಯದ ಉಳಿದ ಭಾಗ: 'ನಿನ್ನೆ' ಇದೆಯೋ, 'ಈಗ' ಇದೆಯೋ, ಪಕ್ಕದ ಕ್ರಿಯಾಪದ ಯಾವ ಕಾಲದಲ್ಲಿದೆ.

ಆದ್ದರಿಂದ ಓದುವ ಮೊದಲು ಅಳತೆ ಮಾಡಿ. ಬರೆಗೆರೆ ಇಲ್ಲದ ಹಾಳೆಯಾದರೆ ಪ್ರಿಂಟಿನ ಮೇಲೆ ಪ್ರತಿ ಸಾಲಿಗೂ ತೆಳು ಪೆನ್ಸಿಲಿನಲ್ಲಿ ನೆಲಗೆರೆ ಎಳೆಯಿರಿ. ಸಾಲು ಬಲಕ್ಕೆ ಏರುತ್ತಾ ಹೋಗಿದ್ದರೆ ನೆಲಗೆರೆಯೂ ಅದರ ಜೊತೆ ಏರಲಿ, ನೇರ ಮಾಡಬೇಡಿ. ಚೆನ್ನಾಗಿ ಕಾಣುವ ಹತ್ತು-ಹನ್ನೆರಡು ಗೆರೆಗಳ ಎತ್ತರ ಅಳೆದು ಈ ಕೈಯ 'ಒಂದು ಮೆಟ್ಟಿಲು' ಎಷ್ಟು ಎಂದು ಬರೆದುಕೊಳ್ಳಿ. ಮೂರು ಮಿಲಿಮೀಟರ್ ಎಂದಾದರೆ ಒಂದೂವರೆಯದು ಅರ್ಧ, ಆರರದ್ದು ಎರಡು. ಅವಸರದ ಕೈಯಲ್ಲಿ ಅರ್ಧ ಮತ್ತು ಒಂದು ಹತ್ತಿರ ಹತ್ತಿರ ಬರುತ್ತವೆ. ಅದನ್ನೂ ಗುರುತು ಮಾಡಿಕೊಳ್ಳಿ.

ಗಾಬೆಲ್ಸ್‌ಬೆರ್ಗರ್‌ನಲ್ಲೂ ಏರಿಸು, ಇಳಿಸು, ದಪ್ಪ ಮಾಡು ಎಂಬ ಇದೇ ಬಗೆ. ಆದರೆ ಅಲ್ಲಿ ಇನ್ನೊಂದು ತಲೆನೋವು. ಪಳಗಿದ ಕೈ ವಾಕ್ಯದ ಅರ್ಥದಿಂದ ಊಹಿಸಬಹುದಾದ ಪದದ ಅರ್ಧವನ್ನೇ ಬಿಟ್ಟುಬಿಡುತ್ತದೆ. ಕೆಲವು ಸಲ ಕೊನೆಯ ಪ್ರತ್ಯಯ ಮಾತ್ರ ಉಳಿಯುತ್ತದೆ. ಅಂಥ ಪದವನ್ನು ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಇಡೀ ವಾಕ್ಯವನ್ನೇ ಹಿಡಿಯಬೇಕು. ತತ್ತ್ವಜ್ಞ ಎಡ್ಮಂಡ್ ಹುಸೆರ್ಲ್ ಈ ಲಿಪಿಯಲ್ಲಿ ಬಿಟ್ಟುಹೋದ ಸುಮಾರು 40,000 ಪುಟಗಳನ್ನು 1938ರಲ್ಲಿ ಬೆಲ್ಜಿಯಂನ ಲುವೆನ್‌ಗೆ ಸಾಗಿಸಿ ಉಳಿಸಿದರು. ಅವನ್ನು ಓದಿ ಬರೆಯಲು ವಿದ್ವಾಂಸರಿಗೆ ದಶಕಗಳೇ ಹಿಡಿದವು. ಒಂದು ಪುಟಕ್ಕೆ ನಿಮಗೆ ನಾಲ್ಕು ದಿನ ಹಿಡಿದರೆ ಬೇಸರ ಬೇಡ.

ಹಂತ 5: ಕೀಲಿ ಹುಡುಕುವುದು

ಪುಟದಲ್ಲಿ ಓದಲು ಬರುವುದನ್ನೆಲ್ಲ ಮೊದಲು ಬಣ್ಣದ ಪೆನ್ನಿನಲ್ಲಿ ಸುತ್ತಿ. ಅಂಕಿಗಳನ್ನು ಸಾಮಾನ್ಯವಾಗಿ ಅಂಕಿಯಾಗಿಯೇ ಬರೆಯುತ್ತಾರೆ. ಜನರ, ಊರಿನ ಹೆಸರನ್ನು ಎಷ್ಟೋ ಜನ ಮಾಮೂಲಿ ಅಕ್ಷರದಲ್ಲೇ ಬರೆದುಬಿಡುತ್ತಾರೆ. ಇವು ಹೊಳೆ ದಾಟಲು ಇರುವ ಕಲ್ಲುಗಳು.

ಮುಂದಿನದು, ಎಲ್ಲರೂ ಬರೆಯುತ್ತಿದ್ದ ವಾಕ್ಯಗಳು. 'ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು' ಎಂಬುದು ನಮ್ಮ ಹಳೆಯ ಕಾಗದಗಳಲ್ಲಿ ಹೇಗೆ ಕಾಯಂ ಆಗಿತ್ತೋ ಜರ್ಮನರಿಗೂ ಹಾಗೆಯೇ ಇತ್ತು. ಶುರುವಿನಲ್ಲಿ 'ಡೈನೆನ್ ಲೀಬೆನ್ ಬ್ರೀಫ್ ಫೊಮ್ 14. ಹಾಬೆ ಇಖ್ ಎರ್‌ಹಾಲ್ಟೆನ್': 14ನೇ ತಾರೀಖಿನ ನಿನ್ನ ಪ್ರೀತಿಯ ಕಾಗದ ತಲುಪಿತು. ಅದರ ಬೆನ್ನಿಗೆ 'ಮಿಯರ್ ಗೇಟ್ ಎಸ್ ನೊಖ್ ಗೂಟ್': ನಾನಿನ್ನೂ ಚೆನ್ನಾಗಿದ್ದೇನೆ. ಕೊನೆಗೆ 'ಹೆರ್ಟ್ಸ್‌ಲಿಖೆ ಗ್ರ್ಯೂಸೆ ಉಂಟ್ ಕ್ಯುಸೆ': ಅಕ್ಕರೆಯ ವಂದನೆ, ಮುತ್ತು.

ಈಗ ಕೆಲಸ ಹೀಗೆ, ವಿವರಣೆಗೆಂದು ಒಂದು ಸಾಲು ಕಟ್ಟಿಕೊಂಡು. ಸಂಬೋಧನೆಯ ಕೆಳಗಿನ ಮೊದಲ ಸಾಲಿನಲ್ಲಿ ನಾಲ್ಕು ಆಕೃತಿ, ಆಮೇಲೆ '14.', ಆಮೇಲೆ ಮೂರು ಆಕೃತಿ. ಅಂಕಿಯ ಪಕ್ಕದ ಚುಕ್ಕೆ ಜರ್ಮನ್ನಿನಲ್ಲಿ 'ನೇ' ಎಂಬುದಕ್ಕೆ, ಹಾಗಾಗಿ ಇದು ತಾರೀಖು. ಅದರ ಹಿಂದಿನದು 'ಫೊಮ್' ಇರಬೇಕು, ಅದರ ಹಿಂದಿನದು 'ಬ್ರೀಫ್'. ಎಣಿಕೆ ಹೊಂದುತ್ತದೆ: ಡೈನೆನ್, ಲೀಬೆನ್, ಬ್ರೀಫ್, ಫೊಮ್, ಆಮೇಲೆ ಹಾಬೆ, ಇಖ್, ಎರ್‌ಹಾಲ್ಟೆನ್. ಪಠ್ಯಪುಸ್ತಕ ತೆರೆದು 'ಬ್ರೀಫ್' ಆ ಪದ್ಧತಿಯಲ್ಲಿ ಹೇಗಿರುತ್ತದೆಂದು ನೋಡಿ. ಹೊಂದಿದರೆ 'ಇಖ್' ನೋಡಿ. 'ಇಖ್' ಎಂದರೆ 'ನಾನು'. ಈ ಗುರುತು ಪುಟದಲ್ಲಿ ಹತ್ತಾರು ಕಡೆ ಬರಲೇಬೇಕು. ಬಾರದಿದ್ದರೆ ನಿಮ್ಮ ಊಹೆ ತಪ್ಪು, ವಾಪಸು ಬನ್ನಿ.

ಪದ್ಧತಿ ಯಾವುದೆಂಬ ಅನುಮಾನ ಇನ್ನೂ ಇದ್ದರೆ ಇದೇ ಪರೀಕ್ಷೆಯನ್ನು ಐದು ಪದಕ್ಕೆ ಮಾಡಿ: ಉಂಟ್ (ಮತ್ತು), ಇಖ್ (ನಾನು), ನಿಖ್ಟ್ (ಅಲ್ಲ, ಇಲ್ಲ), ಬ್ರೀಫ್ (ಕಾಗದ), ಗ್ರ್ಯೂಸೆ (ವಂದನೆ). ಮೂರೂ ಪದ್ಧತಿಯ ಪುಸ್ತಕದಿಂದ ಈ ಐದರ ರೂಪ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಪುಟದ ಪಕ್ಕ ಹಿಡಿಯಿರಿ. ನಾಲ್ಕು ಹೊಂದಿದ್ದೇ ನಿಮ್ಮ ಪದ್ಧತಿ. ಮೂರರಲ್ಲೂ ಒಂದೊಂದೇ ಹೊಂದಿದರೆ ಪುಟವನ್ನು ತಲೆಕೆಳಗು ಮಾಡಿ ನೋಡಿ. ನಗಬೇಡಿ, ಬಿಡಿ ಚೀಟಿಗಳನ್ನು ತಲೆಕೆಳಗಾಗಿ ಸ್ಕ್ಯಾನ್ ಮಾಡಿರುವುದು ಅಪರೂಪವಲ್ಲ. ತೆಳು ಕಾಗದದಲ್ಲಿ ಹಿಂಬದಿಯ ಶಾಯಿ ಸೋರಿ ಕನ್ನಡಿಯ ಪ್ರತಿಬಿಂಬದಂತೆ ಕಾಣುತ್ತಿರುವುದೂ ಉಂಟು.

ಒಂದು ಎಚ್ಚರ. 'ಇಖ್', 'ಉಂಟ್' ಮುಂತಾದ ಸವೆದ ಪದಗಳಿಗೆ ಸಂಕ್ಷಿಪ್ತ ಚಿಹ್ನೆಗಳಿವೆ, ಜರ್ಮನರು ಕ್ಯುರ್ಟ್ಸೆಲ್ ಎನ್ನುತ್ತಾರೆ. ನಮ್ಮ ಗ್ರಾಮಲಾಗ್ ಇದ್ದ ಹಾಗೆ. ಅಂಥ ಚಿಹ್ನೆಯನ್ನು ಸೀಳಿ 'ಇದರ ಮೊದಲ ಭಾಗ ಹ, ಎರಡನೆಯದು ಬ' ಎಂದು ಅಕ್ಷರಪಟ್ಟಿ ಮಾಡಲು ಹೋಗಬೇಡಿ. ಅಕ್ಷರಗಳನ್ನು ಪೂರ್ತಿ ಬರೆದ ಉದ್ದ ಪದಗಳಿಂದಲೇ ತೆಗೆಯಬೇಕು.

ಹಂತ 6: ಬರೆದುಕೊಳ್ಳುವ ಕ್ರಮ

ದೊಡ್ಡ ಹಾಳೆಯಲ್ಲಿ ನಾಲ್ಕು ಕಂಬ: ಸಾಲು ಮತ್ತು ಪದದ ಸಂಖ್ಯೆ, ಗುರುತಿನ ನಕಲು, ವ್ಯಂಜನಗಳ ಅಸ್ಥಿಪಂಜರ, ಓದು. ಗುರುತನ್ನು ಕೈಯಾರೆ ನಕಲು ಮಾಡಿ. ಕಣ್ಣು ಬಿಟ್ಟದ್ದನ್ನು ಕೈ ಹಿಡಿಯುತ್ತದೆ. ಸ್ವರ ಖಚಿತವಾಗಿಲ್ಲವಾದರೆ ವ್ಯಂಜನ ಮಾತ್ರ ಬರೆದು ಮುಂದೆ ಹೋಗಿ, ಅಲ್ಲೇ ಕೂರಬೇಡಿ. ಖಚಿತವಾದದ್ದಕ್ಕೆ ಏನೂ ಗುರುತು ಬೇಡ, ಅನುಮಾನದ್ದಕ್ಕೆ ಚೌಕ ಆವರಣದಲ್ಲಿ ಪ್ರಶ್ನಾರ್ಥಕ, ಓದಲಾಗದ್ದಕ್ಕೆ ಮೂರು ಚುಕ್ಕೆ. ಎಷ್ಟೇ ಆಸೆಯಾದರೂ ಚುಕ್ಕೆ ಇರುವ ಕಡೆ ಪದ ತುಂಬಬೇಡಿ. ಒಮ್ಮೆ ತುಂಬಿದ ಪದ ನಾಳೆ ನಿಮಗೇ ಸತ್ಯವಾಗಿ ಕಾಣುತ್ತದೆ.

ಜರ್ಮನ್ ಓದುವವರಿಗೆ ಅಭ್ಯಾಸವಾದ ಎರಡು ಆಸರೆ ಇಲ್ಲಿ ತಪ್ಪಿಹೋಗುತ್ತವೆ. ಶೀಘ್ರಲಿಪಿಯಲ್ಲಿ ದೊಡ್ಡಕ್ಷರ ಇಲ್ಲ, ಆದ್ದರಿಂದ ಯಾವುದು ನಾಮಪದ ಎಂದು ಕಣ್ಣಿಗೆ ಬೀಳುವುದಿಲ್ಲ. ಉಚ್ಚಾರಕ್ಕೆ ಬಾರದ 'ಎಚ್', ಜೋಡಕ್ಷರ ಇವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಹಾಗಾಗಿ ಕಿವಿಯಿಂದ ಓದಬೇಕು. ಅಸ್ಥಿಪಂಜರವನ್ನು ಗಟ್ಟಿಯಾಗಿ, ಬೇರೆ ಬೇರೆ ಸ್ವರ ಹಾಕಿ ಉಚ್ಚರಿಸಿ ನೋಡಿ. ಪುಟದ ಮೇಲೆ ಸಿಗದ ಪದ ಬಾಯಲ್ಲಿ ಸಿಗುತ್ತದೆ.

ಊರಿನ ಹೆಸರುಗಳನ್ನು ಕೊನೆಗೆ ಇಟ್ಟುಕೊಳ್ಳಿ. ರಷ್ಯನ್, ಪೋಲಿಷ್, ಫ್ರೆಂಚ್ ಹೆಸರನ್ನು ಸೈನಿಕ ಕೇಳಿಸಿಕೊಂಡ ಹಾಗೆ ಬರೆದಿರುತ್ತಾನೆ. ಅದನ್ನು ಮತ್ತೆ ಶೀಘ್ರಲಿಪಿಗೆ ಇಳಿಸಿದರೆ ಉಳಿಯುವುದು ನಾಲ್ಕು ವ್ಯಂಜನ. ಇಲ್ಲಿ ಲಕೋಟೆ ಕೈಹಿಡಿಯುತ್ತದೆ. ಎರಡನೆಯ ಯುದ್ಧದಲ್ಲಿ ವಿಳಾಸಕ್ಕೆ ಬದಲು ಐದಂಕಿಯ ಫೆಲ್ಡ್‌ಪೋಸ್ಟ್ ಸಂಖ್ಯೆ ಇರುತ್ತಿತ್ತು. ಅದರ ಹಿಂದೆ ಎ, ಬಿ, ಸಿ ಎಂಬ ಅಕ್ಷರ ಬಂದರೆ ಪಡೆಯೊಳಗಿನ ಕಂಪನಿ ಯಾವುದೆಂಬುದಕ್ಕೆ. ಮುಂದೆ 'ಎಲ್' ಇದ್ದರೆ ವಾಯುಪಡೆ, 'ಎಂ' ಇದ್ದರೆ ನೌಕಾಪಡೆ. ಈ ಸಂಖ್ಯೆಗಳ ಪಟ್ಟಿಗಳು ಮುದ್ರಿತವಾಗಿವೆ. ಸಂಖ್ಯೆಯಿಂದ ಪಡೆ, ಪಡೆಯಿಂದ ಆ ತಿಂಗಳು ಅದು ಇದ್ದ ಪ್ರದೇಶ, ಆ ಪ್ರದೇಶದ ನಕ್ಷೆಯಲ್ಲಿ ನಿಮ್ಮ ನಾಲ್ಕು ವ್ಯಂಜನಕ್ಕೆ ಹೊಂದುವ ಊರು. ಒಂದು ಸಂಖ್ಯೆಯನ್ನೇ ಕಾಲಾನುಕ್ರಮದಲ್ಲಿ ಬೇರೆ ಬೇರೆ ಪಡೆಗೆ ಕೊಟ್ಟದ್ದುಂಟು. ತಾರೀಖು ಹೊಂದಿಸಿಯೇ ಪಟ್ಟಿ ನೋಡಿ. ಮೊದಲ ಯುದ್ಧದ ಆರಂಭದ ವರ್ಷಗಳ ವಿಳಾಸದಲ್ಲಿ ರೆಜಿಮೆಂಟು, ಕಂಪನಿ ನೇರವಾಗಿಯೇ ಇರುತ್ತದೆ, ಅಷ್ಟರಮಟ್ಟಿಗೆ ಸಲೀಸು.

ಟ್ರಾನ್ಸ್‌ಕ್ರಿಬುಸ್‌ನಂಥ ಯಂತ್ರ ಓದುವಿಕೆ ಕುರೆಂಟಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದೇ ಕುರೆಂಟ್ ಮಾದರಿಗೆ ಶೀಘ್ರಲಿಪಿಯ ಪುಟ ತೋರಿಸಿದರೆ ಅದು ಅಕ್ಷರಗಳೆಂದೇ ತಿಳಿದು ಅರ್ಥವಿಲ್ಲದ ಸಾಲುಗಳನ್ನು ಧೈರ್ಯವಾಗಿ ಕಕ್ಕುತ್ತದೆ. ಜರ್ಮನ್ ಬಾರದವರಿಗೆ ಆ ಸಾಲು ನಿಜದ ಹಾಗೆಯೇ ಕಾಣುವುದರಿಂದ ಅಪಾಯ ಹೆಚ್ಚು. ಚಾಟ್‌ಬಾಟ್‌ಗಳಿಗೆ ಫೋಟೊ ಹಾಕಿದಾಗ ಸಿಗುವ ಸೊಗಸಾದ ಪ್ರೇಮಪತ್ರವನ್ನೂ ಪದಪದಕ್ಕೆ ಗುರುತು ತೋರಿಸದ ಹೊರತು ನಂಬಬೇಡಿ.

ಹಂತ 7: ಇನ್ನೊಬ್ಬರ ಕೈಗೆ ಕೊಡುವಾಗ

ಜರ್ಮನ್ ಭಾಷೆ ಬಾರದಿದ್ದರೆ ಮೂರನೆಯ ಹಂತದವರೆಗೆ, ಹೆಚ್ಚೆಂದರೆ ಕೀಲಿ ಹುಡುಕುವವರೆಗೆ ಹೋಗಬಹುದು. ಅಲ್ಲಿಂದ ಮುಂದೆ ಬಲ್ಲವರಿಗೆ ಕೊಡುವುದೇ ಸರಿ. ಬೈರಾಯ್ಟ್‌ನಲ್ಲಿ ಶೀಘ್ರಲಿಪಿಯ ಸಂಶೋಧನಾ ಕೇಂದ್ರವಿದೆ, ಜರ್ಮನಿಯ ಹಲವು ಊರುಗಳಲ್ಲಿ ಶೀಘ್ರಲಿಪಿ ಸಂಘಗಳಿವೆ. ಅಲ್ಲಿರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ನೀವು ಅಚ್ಚುಕಟ್ಟಾಗಿ ಕಳಿಸಿದಷ್ಟೂ ಅವರ ಕಣ್ಣಿಗೆ ಆಯಾಸ ಕಡಿಮೆ.

ಒಂದೇ ಸಲಕ್ಕೆ ಪೆಟ್ಟಿಗೆ ಸುರಿಯಬೇಡಿ. ಒಂದೇ ಕೈಯ, ಚೆನ್ನಾಗಿ ಕಾಣುವ ಎರಡು ಪುಟ ಮೊದಲು ಕಳಿಸಿ. ಜೊತೆಗೆ ಒಂದು ಚೀಟಿ: ಬರೆದವರು ಹುಟ್ಟಿದ ವರ್ಷ ಮತ್ತು ಊರು, ಓದು, ಉದ್ಯೋಗ, ಫೆಲ್ಡ್‌ಪೋಸ್ಟ್ ಸಂಖ್ಯೆ, ಮನೆಯವರ ಹೆಸರುಗಳು, ಅಡ್ಡಹೆಸರುಗಳು, ಅಕ್ಕಪಕ್ಕದ ಹಳ್ಳಿಗಳು, ಸಾಕುನಾಯಿಯ ಹೆಸರು ಗೊತ್ತಿದ್ದರೆ ಅದೂ. ಓದುವವರು ಎಡವುವುದು ಇಂಥ ಹೆಸರುಗಳಲ್ಲೇ. ನೀವು ಮಾಡಿದ ಊಹೆಗಳನ್ನು ಬೇರೆ ಹಾಳೆಯಲ್ಲಿ ಬರೆದು, ಅವರು ಒಮ್ಮೆ ಓದಿದ ಮೇಲೆ ತೆರೆಯುವಂತೆ ಹೇಳಿ. ಮೊದಲೇ ನೋಡಿದರೆ ಅವರ ಕಣ್ಣೂ ನಿಮ್ಮ ದಾರಿಯನ್ನೇ ಹಿಡಿಯುತ್ತದೆ.

ಪ್ರಕಟಿಸುವ ಯೋಚನೆ ಇದ್ದರೆ, ಜರ್ಮನ್ ಕಾನೂನಿನಲ್ಲಿ ಕಾಗದದ ಹಕ್ಕುಸ್ವಾಮ್ಯ ಬರೆದವರು ತೀರಿಕೊಂಡ 70 ವರ್ಷದವರೆಗೆ ಅವರ ವಾರಸುದಾರರದು, ಕಾಗದ ಕೊಂಡವರದಲ್ಲ. 1944ರಲ್ಲಿ ಸತ್ತ ಸೈನಿಕನ ಕಾಗದ 2015ರ ಜನವರಿ 1ಕ್ಕೆ ಮುಕ್ತವಾಯಿತು. ಬದುಕಿ ಮನೆಗೆ ಮರಳಿ 1980ರಲ್ಲಿ ತೀರಿಕೊಂಡವನದು 2050ರ ಕೊನೆಯವರೆಗೆ ಇಲ್ಲ. ಅದೇ ಕಟ್ಟಿನಲ್ಲಿರುವ ಹೆಂಡತಿಯ ಕಾಗದಗಳಿಗೆ ಅವಳ ಸಾವಿನ ವರ್ಷದಿಂದ ಬೇರೆ ಲೆಕ್ಕ ಹಾಕಬೇಕು.